ಬೇಕಾದವರಿಗೆ ಬಿಡುಗಡೆ

ನಮ್ಮೂರಲ್ಲಿ ಯಾರನ್ನಾದರೂ ನಿಲ್ಲಿಸಿ ಹೇಗಿದ್ದೀರಿ ಎಂದು ಕೇಳಿ ನೋಡಿ. "ಏನೋ, ಹೀಗೇ ನಡೀತಾ ಇದೆ" ಅನ್ನುತ್ತಾರೆ. ಮಗಳ ಮದುವೆ ಗೊತ್ತಾದವನೂ ಅದನ್ನೇ ಅನ್ನುತ್ತಾನೆ, ಎಮ್ಮೆ ಜೋಡಿ ಕರು ಹಾಕಿದ ಮನೆಯವಳೂ ಅದನ್ನೇ ಅನ್ನುತ್ತಾಳೆ. ಚೆನ್ನಾಗಿದ್ದೇನೆ ಎಂದು ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎನ್ನುವುದು ಒಂದು ಭಯ. ಅಳತೆ ಕಚೇರಿಯವರ ಕಿವಿಗೆ ಬಿದ್ದರೆ ಕಂತು ಏರುತ್ತದೆ ಎನ್ನುವುದು ಇನ್ನೊಂದು ಭಯ. ಇವೆರಡರಲ್ಲಿ ಯಾವುದು ಮೊದಲು ಹುಟ್ಟಿತೋ ನಾನರಿಯೆ. ನಾನು ಹುಟ್ಟುವ ಹೊತ್ತಿಗೆ ಎರಡೂ ಇದ್ದವು. ನನ್ನಮ್ಮ ನನ್ನ ಕೆನ್ನೆಗೆ ಕಪ್ಪು ಬೊಟ್ಟಿಟ್ಟು, "ಏನು ಹೆಣ್ಣೋ, ಕಾಗೆ ಹಂಗೈತೆ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಬೈದು, ಒಳಗೆ ಬಂದು ಮುದ್ದಾಡುತ್ತಿದ್ದಳಂತೆ.

ನಾನು ಕೊಟ್ರವ್ವ. ಸಂತೆ ಬೀದಿಯ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಗದ್ದಲದ ಮೇಲೆ ಕೂಗಿ ಕೂಗಿ ನನ್ನ ಗಂಟಲು ಹೀಗಾಗಿದೆ. ನಾನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತದೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ನನಗೆ ಇದ್ದವಳು ಒಬ್ಬಳೇ ತಂಗಿ, ನೀಲ. ನನಗೂ ಅವಳಿಗೂ ವಯಸ್ಸಿನಲ್ಲಿ ಎಷ್ಟು ಅಂತರವೆಂದರೆ, ನೋಡಿದವರು ಮಗಳೇ ಎಂದು ಕೇಳುತ್ತಿದ್ದರು. ನಾನು ಅಲ್ಲ ಎನ್ನಲು ಯಾವಾಗಲೂ ಸ್ವಲ್ಪ ತಡ ಮಾಡುತ್ತಿದ್ದೆ. ಈ ಕಥೆ ಅವಳದು.

ಕಂತಿನ ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಬನ್ನಿ ಹಬ್ಬ ಕಳೆದು ಲೆಕ್ಕದ ಹೊಸ ವರ್ಷ ಹುಟ್ಟುವಾಗ ಪ್ರತಿ ಮನೆಯವರೂ ಅಳತೆ ಕಚೇರಿಗೆ ಹೋಗಿ, ಈ ವರ್ಷ ನಮ್ಮ ಮನೆಯಲ್ಲಿ ಇಷ್ಟು ನಗು ಆದೀತು ಎಂದು ಅಂದಾಜು ಬರೆಸಬೇಕು. ಅದಕ್ಕೆ ತಕ್ಕಂತೆ ಕಂತು ಕಂತಾಗಿ ಕಚೇರಿಯ ಕುಡಿಕೆಗೆ ನಕ್ಕು ಬರಬೇಕು. ಆ ಕುಡಿಕೆಗಳು ಬಾಯಿ ಕಟ್ಟಿಸಿಕೊಂಡು ಸಾವು ನೋವು ಆದ ಮನೆಗಳಿಗೆ ಹೋಗುತ್ತವೆ. ನಗು ಸತ್ತ ಮನೆಯಲ್ಲಿ ಯಾರಾದರೂ ಒಬ್ಬರು ಅದನ್ನು ಬಿಚ್ಚಿ ಒಂದು ಸಲ ನಕ್ಕರೆ, ಆಮೇಲೆ ಊಟ ಸೇರುತ್ತದೆ, ನಿದ್ದೆ ಬರುತ್ತದೆ. ನನ್ನ ಗಂಡ ಹೋದಾಗ ನನಗೂ ಒಂದು ಕುಡಿಕೆ ಬಂದಿತ್ತು. ಯಾರೋ ಮುದುಕಿಯ ಬೊಚ್ಚುಬಾಯಿಯ ನಗು. ಯಾರದೋ ಏನೋ, ಅವಳ ಹೊಟ್ಟೆ ತಣ್ಣಗಿರಲಿ.

ಅಂದಾಜಿಗಿಂತ ಹೆಚ್ಚು ನಕ್ಕವರಿಗೆ, ಕಟ್ಟದೆ ಉಳಿದ ಕೊರತೆಗೆ ತಕ್ಕ ದಂಡ. ಆದರೆ ಒಂದು ಕಂಡಿಯಿತ್ತು. ಹೋದ ವರ್ಷ ನಕ್ಕಷ್ಟನ್ನೇ ಈ ವರ್ಷವೂ ಕಟ್ಟಿಬಿಟ್ಟರೆ, ಮನೆಯಲ್ಲಿ ನಗುವಿನ ಮಳೆಯೇ ಸುರಿದರೂ ದಂಡ ಹಾಕುವಂತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಹಾಗೆ ಬರೆಸುತ್ತಿರಲಿಲ್ಲ. ಹೋದ ವರ್ಷದಷ್ಟೇ ನಗುತ್ತೇನೆ ಎಂದು ಕಚೇರಿಯಲ್ಲಿ ನಿಂತು ಹೇಳುವುದೆಂದರೆ ಕೆನ್ನೆಯ ಮೇಲಿನ ಬೊಟ್ಟನ್ನು ಕೈಯಾರೆ ಒರೆಸಿಕೊಂಡ ಹಾಗೆ. ಊರಿಗೆ ಊರೇ ಕಡಿಮೆ ಬರೆಸುತ್ತಿತ್ತು. ಪ್ರತಿ ವರ್ಷ ಹೋದಷ್ಟೇ ಬರೆಸುತ್ತಿದ್ದವನು ಡಂಗುರದ ಸಿದ್ರಾಮಣ್ಣ ಒಬ್ಬನೇ. "ಊರೆಲ್ಲ ಕೇಳೋ ಹಂಗೆ ಬಡಕೊಳ್ಳೋನು ನಾನು. ನನಗೇನ್ರಿ ಮುಚ್ಚುಮರೆ" ಅನ್ನುತ್ತಿದ್ದ.

ನೀಲಳ ಗಂಡ ಬಸಲಿಂಗ ಹಗ್ಗ ಹೊಸೆಯುವವನು. ಸಂತೆಯ ತಗಡಿನ ಛಾವಣಿಯ ಕೆಳಗೆ ಕೂತು ಹಗ್ಗ ಮಾರುತ್ತಿದ್ದ. ನಗುವುದಕ್ಕೆ ಅವನಿಗೆ ಕಾರಣವೇ ಬೇಕಿರಲಿಲ್ಲ. ತನ್ನ ಮಾತಿಗೆ ತಾನೇ ಮೊದಲು ನಕ್ಕು, ನಗುವಿನ ನಡುವೆ ಮಾತು ಮರೆತು, ಮರೆತದ್ದಕ್ಕೆ ಮತ್ತೆ ನಗುವ ಮನುಷ್ಯ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಇಂಥ ಹಗುರ ಮನುಷ್ಯನಿಗೆ ನನ್ನ ತಂಗಿಯನ್ನು ಕೊಟ್ಟೆನಲ್ಲ ಎನಿಸುತ್ತಿತ್ತು. ಆಮೇಲೆ ಸಂಜೆ ಗಿರಣಿ ನಿಲ್ಲಿಸಿ ಅವರ ಮನೆಯ ಕಡೆ ಹೋಗದಿದ್ದರೆ ನನಗೇ ಸಮಾಧಾನವಾಗದಂತಾಯಿತು.

ಅವರ ಮದುವೆಯಾಗಿ ಮೊದಲ ವರ್ಷ ಮುಗಿದು ಎರಡನೆಯ ವರ್ಷದ ಅಂದಾಜು ಬರೆಸುವ ದಿನ ನಾನೂ ಜೊತೆಗೆ ಹೋಗಿದ್ದೆ. ಕಚೇರಿಯ ವನಮಾಲ ಮೇಡಂ ಹೋದ ವರ್ಷದ ಲೆಕ್ಕ ನೋಡಿ ಹುಬ್ಬೇರಿಸಿದರು. "ಹೋದ ವರ್ಷದಷ್ಟೇ ಬರೆಸಿಬಿಡಿ, ತಂಟೆ ಇರಲ್ಲ" ಎಂದರು. "ಅದು ಮದುವೆ ವರ್ಷ ಮೇಡಂ. ಮದುವೆ ವರ್ಷದ ನಗು ವರ್ಷಾವರ್ಷ ಬರ್ತದಾ?" ಎಂದ ಬಸಲಿಂಗ. ನೀಲ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು, "ಈ ವರ್ಷ ಅಷ್ಟಕ್ಕಷ್ಟೇ" ಎಂದಳು. ಆಗತಾನೇ ತಿಂಗಳು ನಿಂತಿತ್ತು. ಹೊರಗಿನವರಿಗೆ ಹೇಳಿರಲಿಲ್ಲ. ಮೂರು ತಿಂಗಳು ತುಂಬುವ ಮೊದಲು ಯಾರಾದರೂ ಹೇಳುತ್ತಾರೆಯೇ? ಅದೂ ಕಚೇರಿಯಲ್ಲಿ? ಮೇಡಂ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೇಳಿದ್ದನ್ನೇ ಬರೆದುಕೊಂಡರು.

ಆ ತಿಂಗಳುಗಳಲ್ಲಿ ಆ ಮನೆ ನಕ್ಕಷ್ಟು ಈ ಬೀದಿಯಲ್ಲಿ ಯಾವ ಮನೆಯೂ ನಕ್ಕಿರಲಿಕ್ಕಿಲ್ಲ. ಬಸಲಿಂಗ ನೀಲಳ ಹೊಟ್ಟೆಗೆ ಬಾಯಿಟ್ಟು ಸಂತೆಯ ಸುದ್ದಿ ಹೇಳುತ್ತಿದ್ದ. ಯಾರು ಎಷ್ಟಕ್ಕೆ ಕುರಿ ಕೊಂಡರು, ಯಾರ ಪಂಚೆ ಬಿಚ್ಚಿ ಹೋಯಿತು, ಎಲ್ಲವನ್ನೂ ಒಪ್ಪಿಸುತ್ತಿದ್ದ. ಒಳಗಿನಿಂದ ಕೂಸು ಒದ್ದರೆ, "ನೋಡು, ಚೌಕಾಸಿ ಮಾಡ್ತಾ ಐತೆ" ಎಂದು ಬಿದ್ದು ಬಿದ್ದು ನಗುತ್ತಿದ್ದ. ಕೊರತೆ ಬೆಳೆಯುತ್ತಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಕಂತಿನಲ್ಲಿ ಸೇರಿಸಿ ಕಟ್ಟಿದರಾಯಿತು ಎಂದುಕೊಂಡೆವು. ಊರವರೆಲ್ಲ ಹಾಗೇ ಅಲ್ಲವೇ ಅಂದುಕೊಳ್ಳುವುದು.

ಆ ಕಂತಿನ ದಿನ ಬರುವ ಮೊದಲೇ ಗಾಳಿ ಬಂತು. ಸಂತೆಯ ದಿನ, ಮಟಮಟ ಮಧ್ಯಾಹ್ನ. ಮಳೆಯಿಲ್ಲ, ಗುಡುಗಿಲ್ಲ, ಬರೀ ಕೆಂಪು ಗಾಳಿ. ನನ್ನ ಗಿರಣಿಯ ಬಾಗಿಲು ಹಾಕಿ ಬೆನ್ನು ಕೊಟ್ಟು ನಿಂತಿದ್ದೆ. ಬೀದಿಯ ಆ ತುದಿಯಲ್ಲಿ ಸಂತೆಯ ಛಾವಣಿ ಬಿದ್ದ ಸದ್ದು ನನ್ನ ಬೆನ್ನಿಗೆ ಬಡಿಯಿತು. ಅದರ ಕೆಳಗೆ ಬಸಲಿಂಗನಿದ್ದ. ಮಂಡಕ್ಕಿ ಮಾರುತ್ತಿದ್ದ ಸಿದ್ರಾಮಣ್ಣನ ಹೆಂಡತಿ ಇದ್ದಳು. ಇನ್ನೂ ಎಷ್ಟೋ ಜನರಿದ್ದರು. ನೀಲ ತುಂಬಿದ ಬಸುರಿ. ಅವಳನ್ನು ಅಲ್ಲಿಗೆ ಬಿಡಬಾರದೆಂದು ನಾನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದೆ. ಅವಳು ಅಳಲಿಲ್ಲ. "ಬಿಡು ಯಕ್ಕಾ, ಅವನು ನಗ್ತಾ ಇರಬೇಕು, ಅವನಿಗೆ ಇದೆಲ್ಲ ತಮಾಷೆ" ಎನ್ನುತ್ತಲೇ ಇದ್ದಳು.

ಮಣ್ಣು ಮಾಡಿದ ಮೂರನೇ ದಿನಕ್ಕೇ ಸಿದ್ರಾಮಣ್ಣ ಡಂಗುರ ಹೆಗಲಿಗೆ ಹಾಕಿಕೊಂಡು ಬಂದ. ಅವನ ಮನೆ ನೀಲಳ ಮನೆಗೆ ಅಂಟಿಕೊಂಡೇ ಇದೆ. ಹೆಂಡತಿಯನ್ನು ಕಳೆದುಕೊಂಡವನನ್ನು ಆ ದಿನವೇ ಕೆಲಸಕ್ಕೆ ಕರೆದರಲ್ಲ ಎಂದು ನಾನು ಕಚೇರಿಗೆ ಶಾಪ ಹಾಕಿದೆ. ಅವನೇ ಕೇಳಿಕೊಂಡು ಹೋಗಿದ್ದನಂತೆ, ಮನೆಯಲ್ಲಿ ಕೂರಲಾಗದೆ. ಬೀದಿಯ ನಡುವೆ ನಿಂತು ಬಡಿದ. "ಕೇಳಿರಪ್ಪೋ ಕೇಳಿ. ಗಾಳಿಗೆ ಸಿಕ್ಕ ನಮ್ಮೂರಿನವರಿಗೆ ಈ ಕಂತು ಬನ್ನಿ ಹಬ್ಬದವರೆಗೆ ಮುಂದಕ್ಕೆ ಹೋಗೈತೆ. ಅದಕ್ಕೂ ಹಿಂದಿನ ಕೊರತೆಯ ದಂಡದಿಂದ ಬೇಕಾದವರಿಗೆ ಬಿಡುಗಡೆ ಐತೆ. ಹಬ್ಬದೊಳಗೆ ಕಚೇರಿಗೆ ಬಂದು ಕೇಳತಕ್ಕದ್ದು."

ಅವನು ಒಂದಕ್ಷರ ಬಿಡದೆ ಸರಿಯಾಗಿಯೇ ಹೇಳಿದ. ಕೆಟ್ಟದ್ದು ನಮ್ಮ ಕಿವಿ. ನಮ್ಮೂರಲ್ಲಿ ಬೇಕಾದವರು ಎಂದರೆ ಒಂದೇ ಅರ್ಥ. ಗೌಡರ ಮನೆಯ ಊಟದಲ್ಲಿ ಮೊದಲ ಪಂಕ್ತಿಯಲ್ಲಿ ಕೂರುವವರು. ಕಚೇರಿಯಲ್ಲಿ ಹಿಂಬಾಗಿಲಿಂದ ಹೋಗಿ ಮುಂಬಾಗಿಲಿಂದ ಬರುವವರು. ಬೇಕಾದವರು ಎಂದರೆ ಅವರಿಗೆ ಬೇಕಾದವರು. ಯಾರಿಗೆ ಅಗತ್ಯವಿದೆಯೋ ಅವರು ಎಂದು ಆ ಮಾತಿಗೆ ಇನ್ನೊಂದು ಅರ್ಥವಿದೆ ಎನ್ನುವುದು ಬೀದಿಯಲ್ಲಿ ನಿಂತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. "ಹೋಗಿ ಕೈ ಕಟ್ಟಿ ನಿಲ್ಲಬೇಕಂತೆ. ಅವರಿಗೆ ಬೇಕಾದೋರಾಗಿದ್ರೆ ಬಿಡ್ತಾರಂತೆ" ಎಂದು ಒಬ್ಬ ಉಗಿದ. "ಹೆಣದ ಮುಂದೂ ಇವರದು ಇದೇ ರಾಗ" ಎಂದ ಇನ್ನೊಬ್ಬ. ಬಾಗಿಲಲ್ಲಿ ನಿಂತಿದ್ದ ನೀಲ ನನ್ನ ಕಡೆ ತಿರುಗಿ, "ನಾವೇನು ಅವರಿಗೆ ಬೇಕಾದೋರಾ ಯಕ್ಕಾ?" ಎಂದಳು. ಅಲ್ಲ ಬಿಡು ಎಂದೆ.

ಕೂಸು ಹುಟ್ಟಿತು. ಹೆಣ್ಣು. ಬನ್ನಿ ಹಬ್ಬ ಬಂತು. ಹಬ್ಬದ ಮಾರನೆಯ ದಿನ ಕಂತು ಕಟ್ಟಲು ನಾನೇ ನೀಲಳನ್ನು ಕರೆದುಕೊಂಡು ಹೋದೆ. ಊರಿಗೆ ಊರೇ ಸಾಲು ನಿಂತಿತ್ತು. ವನಮಾಲ ಮೇಡಂ ತಲೆಯೆತ್ತಿ ಇಬ್ಬರನ್ನೂ ನೋಡಿದರು. ಗಾಳಿ ಬಂದ ಮೇಲಿನ ಕಂತು ಏನೂ ಇಲ್ಲ, ನಿಮ್ಮ ಮನೆಯಲ್ಲಿ ಆಮೇಲೆ ನಗುವೇ ಆಗಿಲ್ಲ ಎಂದರು. ನಾನು ನಿಟ್ಟುಸಿರು ಬಿಟ್ಟೆ. ಆಮೇಲೆ ಅವರು ದನಿ ತಗ್ಗಿಸಿ, "ಆದರೆ ಹಿಂದಿನ ಕೊರತೆಗೆ ದಂಡ ಬಿದ್ದಿದೆ. ಗಾಳಿಗೆ ಮುಂಚೆ ತುಂಬಾ ನಕ್ಕಿದ್ದೀರಿ" ಎಂದರು.

ನನ್ನ ಗಂಟಲು ನಿಮಗೆ ಗೊತ್ತಲ್ಲ. ಕಚೇರಿಯ ಕಿಟಕಿಗಳು ನಡುಗುವಂತೆ ಕೂಗಿದೆ. "ಗಂಡನ್ನ ಮಣ್ಣಿಗೆ ಹಾಕಿ ಬಂದ ಹೆಣ್ಣುಮಗಳಿಗೆ ನಕ್ಕಿದ್ದಕ್ಕೆ ದಂಡಾನಾ? ಗಾಯದ ಮೇಲೆ ಬರೆ ಎಳೀತೀರಾ? ಮುಂದಕ್ಕೆ ಹೋಗೈತೆ ಅಂತ ನೀವೇ ಸಾರಿಸಿದ್ರಲ್ಲ?"

ಮೇಡಂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಮುಂದಕ್ಕೆ ಹೋಗಿದ್ದು ಗಾಳಿ ಆದಮೇಲಿನ ಕಂತು ಕೊಟ್ರವ್ವ. ಹಿಂದಿನದಕ್ಕೆ ಬಿಡುಗಡೆ ಬೇಕಾದವರು ಬಂದು ಕೇಳಿ ಅಂದಿದ್ವಿ. ಬಂದು ಒಂದು ಮಾತು ಅಂದಿದ್ರೆ ಸಾಕಿತ್ತು, ಗಂಡ ಹೋದ ಅಂತ. ಅವತ್ತೇ ಬಿಟ್ಟುಬಿಡ್ತಿದ್ದೆ. ಹಬ್ಬದವರೆಗೆ ಬಾಗಿಲು ತೆಗೆದು ಕೂತಿದ್ದೆ. ಒಬ್ಬರೂ ಬರಲಿಲ್ಲ. ಈ ಊರಿಗೆ ಎಂಥ ಸೊಕ್ಕು ಅಂದುಕೊಂಡೆ" ಎಂದರು. ಆಗ ನನಗೆ ಆ ಮಾತಿನ ಇನ್ನೊಂದು ಅರ್ಥ ಹೊಳೆಯಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನನ್ನ ಹಿಂದೆ ಸಾಲಿನಲ್ಲಿದ್ದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಈಗ ಕೇಳ್ತಾ ಇದೀನಿ, ಬಿಡಿ" ಎಂದೆ. ಗಡುವು ಮೀರಿದೆ, ನನ್ನ ಕೈಯಲ್ಲಿಲ್ಲ ಎಂದರು. "ಗೂಡು ನೋಡಿ. ಕುಡಿಕೆಗಳೇ ಇಲ್ಲ. ಅಷ್ಟು ಮನೆಗಳಲ್ಲಿ ಸಾವಾಗಿದೆ. ಎಲ್ಲರೂ ಅಷ್ಟಕ್ಕಷ್ಟೇ ಅಂತಲೇ ಬರೆಸಿದ್ದೀರಿ. ಈಗ ಏನು ಹಂಚಲಿ?" ಅವರ ಹಿಂದಿನ ಗೂಡುಗಳು ನಿಜವಾಗಿಯೂ ಬರಿದಾಗಿದ್ದವು.

ದಂಡದ ಕುಡಿಕೆ ಅದೇ ದಿನ ನೀಲಳ ಮನೆಗೆ ಬಂತು. ಅದು ಕಂತಿನ ಕುಡಿಕೆಯ ಹಾಗಲ್ಲ, ಬಾಯಿ ತೆರೆದೇ ಇರುತ್ತದೆ. ಅದು ಬಂದ ಮೇಲೆ ಆ ಮನೆಯವರು ನಗುವ ಮೊದಲ ನಗು ಅದರೊಳಗೆ ಹೋಗುತ್ತದೆ. ನಕ್ಕವರಿಗೂ ಕೇಳಿಸುವುದಿಲ್ಲ, ಪಕ್ಕದವರಿಗೂ ಕೇಳಿಸುವುದಿಲ್ಲ. ಮನೆ ಬಿಟ್ಟು ಯಾವ ಊರಿಗೆ ಹೋಗಿ ನಕ್ಕರೂ ಅದು ಬಂದು ಸೇರುವುದು ಅಲ್ಲಿಗೇ. ಸಾಮಾನ್ಯವಾಗಿ ಯಾರಿಗೂ ಇದು ದೊಡ್ಡ ವಿಷಯವಲ್ಲ. ಯಾವುದೋ ಒಂದು ನಗು ಹೋಗುತ್ತದೆ, ಹೋಗಲಿ ಎನ್ನುತ್ತಾರೆ. ಆದರೆ ಆ ಮನೆಯಲ್ಲಿ ಈಗ ಇದ್ದವರು ಇಬ್ಬರೇ. ನೀಲ, ಮತ್ತು ಇನ್ನೂ ಒಂದು ಸಲವೂ ನಗದ ಕೂಸು. ಕೂಸಿಗೆ ಮೂರು ತಿಂಗಳು ತುಂಬುತ್ತಿತ್ತು. ಯಾವತ್ತು ಬೇಕಾದರೂ ನಗಬಹುದಾಗಿತ್ತು.

ನೀಲ ಕುಡಿಕೆಯನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು. "ಯಕ್ಕಾ, ಇದು ನಗೋದ್ರೊಳಗೆ ನಾನು ನಗಬೇಕು" ಎಂದಳು. ಗಾಳಿಯ ನಂತರ ಅವಳು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. ಗಂಡನ ನಗುವನ್ನು ಛಾವಣಿ ತಿಂದಿತು. ಅವನ ಮಗಳ ಮೊದಲ ನಗುವನ್ನಾದರೂ ತಾನು ಕೇಳಬೇಕು. ಇಷ್ಟೇ ಅವಳ ಆಸೆ.

ನೀವು ಯಾರನ್ನಾದರೂ ನಗಿಸಲೇಬೇಕೆಂದು ಹಟ ಹಿಡಿದಿದ್ದೀರಾ? ಅದರಷ್ಟು ಅಳು ಬರಿಸುವ ಕೆಲಸ ಇನ್ನೊಂದಿಲ್ಲ. ಮೊದಲು ಅವಳೇ ಪ್ರಯತ್ನಪಟ್ಟಳು. ಕುಡಿಕೆಯ ಮುಂದೆ ಕೂತು ಹಹಹ ಎಂದಳು. ಕುಡಿಕೆ ಅದನ್ನು ಹಾಗೇ ಹೊರಗೆ ಉಗುಳಿತು. ಅಂಗಾಲಿಗೆ ಕಚಗುಳಿ ಇಡು ಎಂದಳು, ಇಟ್ಟೆ. ಕಣ್ಣಲ್ಲಿ ನೀರು ಬಂತು, ಅಷ್ಟೇ. ನಾನು ಬೀದಿಯ ಪುರಾಣವನ್ನೆಲ್ಲ ಹೇಳಿದೆ. ಗಿರಣಿಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಬೇಕೆಂತಲೇ ಬಿದ್ದು, ಮೈಯೆಲ್ಲ ಬಿಳಿ ಮಾಡಿಕೊಂಡು, ಬೂದಿ ಬಳಿದ ಬೈರಾಗಿಯ ಹಾಗೆ ಅವಳ ಬಾಗಿಲಿಗೆ ಹೋಗಿ ಭಿಕ್ಷೆ ಕೇಳಿದೆ. ಅವಳ ತುಟಿ ಸ್ವಲ್ಪ ಅಲುಗಿತು. ತುಟಿ ಅಲುಗಿದ್ದು ಲೆಕ್ಕಕ್ಕಿಲ್ಲ. ನನ್ನನ್ನು ನೋಡಿ ನಾನೇ ನಕ್ಕೆ, ಆದರೆ ನಾನು ಆ ಮನೆಯವಳಲ್ಲವಲ್ಲ, ಕುಡಿಕೆ ನನ್ನನ್ನು ಕೇಳಲೇ ಇಲ್ಲ. ನಾನು ಆ ಮನೆಯವಳೇ ಎಂದು ಅಷ್ಟು ವರ್ಷ ಅಂದುಕೊಂಡಿದ್ದೆ.

ಪಕ್ಕದ ಮನೆಯ ಸಿದ್ರಾಮಣ್ಣ ದಿನಾ ಬರುತ್ತಿದ್ದ. ತಾನು ಸಾರಿದ ಮಾತಿನಿಂದಲೇ ಹೀಗಾಯಿತು ಎಂದು ಅವನಿಗೆ ಕೊರಗು. "ಬೇಕಾದೋರಿಗೆ ಅನ್ನೋ ಬದಲು, ನೊಂದೋರಿಗೆ ಅಂತ ನಾನೇ ಬದಲಾಯಿಸಿ ಹೇಳಬಹುದಿತ್ತು ಕೊಟ್ರವ್ವ. ನನಗೂ ಆ ಮಾತು ಹಂಗೇ ಕೇಳಿಸ್ತು. ಅದಕ್ಕೇ ಬದಲಾಯಿಸಲಿಲ್ಲ" ಎನ್ನುತ್ತಿದ್ದ. ಅವನು ಡಂಗುರ ಬಡಿದು ತನ್ನ ಹೆಂಡತಿ ತನ್ನನ್ನು ಬೈಯುತ್ತಿದ್ದ ಬೈಗುಳವನ್ನೆಲ್ಲ ಸಾರಿದ. ಇಡೀ ಬೀದಿ ನಕ್ಕಿತು. ಅರ್ಧದಲ್ಲಿ ಅವನ ದನಿ ಒಡೆಯಿತು. ನೀಲ ಒಳಗೆ ಹೋಗಿ ಅವನಿಗೆ ನೀರು ತಂದುಕೊಟ್ಟಳು.

ಇಷ್ಟೇ ಆಗಿದ್ದರೆ ನಾನು ಇದನ್ನು ನೆನೆದು ಈಗ ಸ್ವಲ್ಪ ನಕ್ಕೇನು. ನನ್ನ ಹೊಟ್ಟೆ ಸುಡುವುದು ಇನ್ನೊಂದು ವಿಷಯಕ್ಕೆ. ಕೂಸು ಮೊದಲು ನಗಬಾರದಲ್ಲ. ಹಾಗಾಗಿ ಕೂಸಿನ ಎದುರು ಯಾರೂ ನಗಬಾರದು, ಮುಖ ಅರಳಿಸಬಾರದು, ಲೊಚಗುಟ್ಟಬಾರದು ಎಂದು ಬೀದಿಗೆಲ್ಲ ತಾಕೀತು ಮಾಡಿದೆವು. ಬೀದಿಯವರು ಒಳ್ಳೆಯವರು, ಹಾಗೇ ನಡೆದುಕೊಂಡರು. ಆ ಕೂಸಿನ ತೊಟ್ಟಿಲ ಮೇಲೆ ಬಗ್ಗಿದವರೆಲ್ಲ ಸಾಲ ಕೇಳಲು ಬಂದವರ ಹಾಗೆ ಮುಖ ಬಿಗಿದುಕೊಂಡು ಬಗ್ಗಿದರು. ಹೊಗಳುವಂತಿಲ್ಲ, ಆಡಿಸುವಂತಿಲ್ಲ. ನೀಲ ಹಾಲು ಕುಡಿಸುವಾಗ ಗೋಡೆ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿದರೆ ಎಲ್ಲಿ ನಕ್ಕುಬಿಡುತ್ತದೋ ಎಂಬ ಭಯ. ಕೂಸು ಎದೆಯಿಂದ ಬಾಯಿ ತೆಗೆದು ಕತ್ತೆತ್ತಿ ಅವಳ ಗಲ್ಲವನ್ನು ನೋಡುತ್ತಿತ್ತು. ನೋಡಿ ನೋಡಿ ಮತ್ತೆ ಬಾಯಿ ಹಾಕುತ್ತಿತ್ತು. ಅಷ್ಟು ಪುಟ್ಟ ಜೀವಕ್ಕೆ ಅಷ್ಟು ತಾಳ್ಮೆ ಇರಬಾರದು. ಒಂದು ನಗುವನ್ನು ಉಳಿಸಲು ಹೋಗಿ ಎಷ್ಟು ನಗುವನ್ನು ಕೊಂದೆವೋ, ಅದರ ಅಳತೆ ಯಾವ ಕಚೇರಿಯಲ್ಲೂ ಇಲ್ಲ.

ಒಂದು ಬೆಳಿಗ್ಗೆ ಜೋಳ ಬೀಸುತ್ತಿದ್ದೆ. ನೀಲ ಓಡುತ್ತಾ ಬಂದಳು, ಕೂಸು ಸೊಂಟದಲ್ಲಿ. ಮುಖ ಕೆಂಪಾಗಿತ್ತು. ಗಿರಣಿ ನಿಲ್ಲಿಸಿದೆ. "ಬಂದಿತ್ತು ಯಕ್ಕಾ" ಎಂದಳು, "ನಗು ಬಂದಿತ್ತು." ಬಟ್ಟೆ ಮಡಚುವಾಗ ಬಸಲಿಂಗನ ಪಂಚೆ ಸಿಕ್ಕಿತಂತೆ. ಮದುವೆಯ ಮರುದಿನ ಅವನು ತನ್ನದೇ ಹಗ್ಗವನ್ನು ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದು ಮರಕ್ಕೆ ಕಟ್ಟಿ ಅದಕ್ಕೆ ಜೋತುಬಿದ್ದಿದ್ದನಂತೆ. ಹಗ್ಗ ಗಟ್ಟಿ ನಿಂತಿತು, ಪಂಚೆ ಕೊಂಬೆಗೆ ಸಿಕ್ಕಿ ಅಲ್ಲೇ ಉಳಿಯಿತು, ಅವನು ನೆಂಟರಿಷ್ಟರ ಮುಂದೆ ಕೆಳಗೆ ಬಿದ್ದ. ಅದು ನೆನಪಾಗಿ ನಗು ಹೊಟ್ಟೆಯಿಂದ ಎದ್ದು ಗಂಟಲವರೆಗೆ ಬಂತಂತೆ. ನಾನು ಕುಣಿದಾಡುವುದೊಂದು ಬಾಕಿ. "ಸರಿ, ಹೋಯ್ತಾ ಕುಡಿಕೆಗೆ?" ಎಂದೆ.

"ಇಲ್ಲ. ನುಂಗಿಬಿಟ್ಟೆ."

"ನುಂಗಿದ್ಯಾ? ಹುಚ್ಚಿ, ಯಾಕೆ?"

ನೀಲ ತಲೆ ತಗ್ಗಿಸಿ ನಿಂತಳು. "ಅದು ಅವನ ನಗು ಯಕ್ಕಾ. ಅವನದು ಅಂತ ನನ್ನ ಹತ್ರ ಇರೋದು ಅಷ್ಟೇ. ಅದನ್ನು ಕುಡಿಕೆ ತಗೊಂಡು ಹೋದ್ರೆ, ಆಮೇಲೆ ಆ ಪಂಚೆ ಬರೀ ಪಂಚೆ ಆಗ್ತದಲ್ಲ. ಕೂಸಿಗೋಸ್ಕರ ಕೊಟ್ಟುಬಿಡಬೇಕು ಅಂತ ಬಾಯಿ ತೆಗೆದೆ. ಆಗಲಿಲ್ಲ. ಮನಸ್ಸು ಬರಲಿಲ್ಲ." ನನಗೆ ಬೈಯಬೇಕೆನಿಸಿತು. ಯಾವ ಬಾಯಿಯಿಂದ ಬೈಯಲಿ? ನನ್ನ ಗಂಡನ ಚಪ್ಪಲಿ ಇನ್ನೂ ನನ್ನ ಬಾಗಿಲ ಹಿಂದೆ ಇದೆ.

ನುಂಗಿದ ನಗು ಹೊಟ್ಟೆಯಲ್ಲಿ ಸುಮ್ಮನಿರುತ್ತದೆಯೇ? ಮಾತಾಡುತ್ತಿದ್ದ ಹಾಗೇ ಅವಳಿಗೆ ಬಿಕ್ಕಳಿಕೆ ಶುರುವಾಯಿತು. ಒಂದು ಬಿಕ್ಕಳಿಕೆಗೆ ಅವಳ ಇಡೀ ಮೈ ಹಾರಿತು. ಸೊಂಟದಲ್ಲಿದ್ದ ಕೂಸೂ ಅದರ ಜೊತೆ ಹಾರಿತು. ಕೂಸು ಬೆರಗಾಗಿ ತಾಯಿಯ ಮುಖ ನೋಡಿತು. ನೀಲ ಗೋಡೆ ನೋಡುವುದನ್ನು ಮರೆತಿದ್ದಳು. ಇನ್ನೊಂದು ಬಿಕ್ಕಳಿಕೆ, ಇನ್ನೊಂದು ನೆಗೆತ. ಕೂಸಿನ ಬಾಯಿ ಅಗಲವಾಯಿತು. ಬೊಚ್ಚು ವಸಡು ಕಂಡಿತು. ಹೊಟ್ಟೆ ಕುಲುಕಿತು, ಕೈ ಕಾಲು ಬಡಿದವು, ಕಣ್ಣು ಮುಚ್ಚಿಹೋಯಿತು. ಗಿರಣಿ ನಿಂತಿತ್ತು. ಬೀದಿಯಲ್ಲಿ ಯಾರೂ ಇರಲಿಲ್ಲ. ಏನೂ ಕೇಳಿಸಲಿಲ್ಲ.

ನೀಲ ಕೂಸಿನ ಬಾಯಿಗೆ ಕಿವಿ ಹಚ್ಚಿದಳು. ಆಮೇಲೆ ಎದೆಗೆ ಹಚ್ಚಿದಳು. "ಜೋರಾಗಿ, ಕಂದಾ, ಜೋರಾಗಿ" ಎಂದಳು. ಕೂಸು ಇನ್ನೂ ಜೋರಾಗಿಯೇ ನಗುತ್ತಿತ್ತು, ಅದರ ಕತ್ತಿನ ನರ ನೋಡಿದರೆ ಗೊತ್ತಾಗುತ್ತಿತ್ತು. ಅಷ್ಟು ದಿನ ತಡೆದಿದ್ದನ್ನೆಲ್ಲ ಸೇರಿಸಿ ನಗುತ್ತಿತ್ತು ಎಂದು ನನಗನಿಸಿತು. ನಾವಿಬ್ಬರೂ ಅವಳ ಮನೆಗೆ ಓಡಿದಾಗ ಕುಡಿಕೆ ಬಾಯಿ ಮುಚ್ಚಿಕೊಂಡಿತ್ತು. ಮುಟ್ಟಿ ನೋಡಿದೆ, ಬೆಚ್ಚಗಿತ್ತು.

ಕಚೇರಿಯವರು ಬಂದು ಅದನ್ನು ತೆಗೆದುಕೊಂಡು ಹೋದರು. ಆಮೇಲೆ ಕೂಸು ನಕ್ಕಿತು, ದನಿ ತೆಗೆದೇ ನಕ್ಕಿತು. ಎಲ್ಲ ಕೂಸುಗಳ ಹಾಗೆ ಚೆನ್ನಾಗಿಯೇ ನಕ್ಕಿತು. ನೋಡು, ಎಷ್ಟು ಮುದ್ದಾಗಿದೆ ಎಂದು ನಾನು ಅಂದರೆ ನೀಲ ಹೌದು ಎನ್ನುತ್ತಿದ್ದಳು. ಅದರ ಕಣ್ಣನ್ನು ಈಗ ಅವಳು ನೋಡುತ್ತಿದ್ದಳು. ಆದರೆ ಮನೆಯೊಳಗೆ ಬಂದವರು ಇನ್ನೂ ಸ್ವಲ್ಪ ಸಮಯ ಮುಖ ಬಿಗಿದುಕೊಂಡೇ ಬರುತ್ತಿದ್ದರು. ಅಭ್ಯಾಸವಾಗಿಬಿಟ್ಟಿತ್ತು.

ಗಾಳಿಯಲ್ಲಿ ಸಾವಾದ ಮನೆಗಳಿಗೆ ಕುಡಿಕೆ ಹಂಚುವುದು ಶುರುವಾದದ್ದು ಆಮೇಲೆ. ದಂಡದ ಕುಡಿಕೆಗಳು ಬಂದು ಸೇರಿದ ಮೇಲಷ್ಟೇ ಕಚೇರಿಯ ಗೂಡುಗಳು ಅರ್ಧ ತುಂಬಿದ್ದು. ನೀಲಳ ಸರದಿ ಇನ್ನೂ ದೂರವಿತ್ತು. ಸಿದ್ರಾಮಣ್ಣನ ಸರದಿ ಬಂದಾಗ ಅವನು ಬೇಡ ಎಂದನಂತೆ. ಮೇಡಂ ಬಲವಂತ ಮಾಡಿ ಕೊಟ್ಟರಂತೆ. ಅವನು ಊಟ ಬಿಟ್ಟು ಕಡ್ಡಿಯಾಗಿದ್ದ. ಸಂಜೆ ನಾನು ನೀಲಳ ಮನೆಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಪಕ್ಕದ ಜಗಲಿಯಲ್ಲಿ ಅವನು ಕೂತು ದಾರ ಬಿಚ್ಚುವುದು ಕಿಟಕಿಯಿಂದ ಕಾಣುತ್ತಿತ್ತು. ಕುಡಿಕೆಗಳೆಲ್ಲ ನೋಡಲು ಒಂದೇ ಥರ. ಯಾರ ಮನೆಯದೆಂದು ಕೊಡುವವರಿಗೂ ಗೊತ್ತಿರುವುದಿಲ್ಲ.

ಅವನು ಬಿಚ್ಚಿ ಬಾಯಿ ಹತ್ತಿರ ಹಿಡಿದ. ಆ ಅರವತ್ತರ ಮುದುಕನ ಬಾಯಿಂದ, ಊರೆಲ್ಲ ಸಾರಿ ಸಾರಿ ಹರಿದುಹೋದ ಆ ಗಂಟಲಿನಿಂದ, ಎಳೆಗೂಸಿನ ನಗು ಬಂತು.

ಆ ವರ್ಷ ದಂಡಕ್ಕೆ ಹೋದ ಎಳೆಗೂಸಿನ ನಗು ಊರಿಗೆಲ್ಲ ಒಂದೇ. ನೀಲಳ ಕೈಯಿಂದ ಸೌಟು ಬಿತ್ತು. ನನ್ನ ತೊಡೆಯ ಮೇಲಿದ್ದ ಕೂಸನ್ನು ಎಣ್ಣೆಮೈಯಲ್ಲೇ ಎತ್ತಿಕೊಂಡು ಅವಳು ಹೊರಗೆ ಓಡಿದಳು. ನಾನು ಹಿಂದೆ ಓಡಿದೆ. ಸಿದ್ರಾಮಣ್ಣ ನಗುತ್ತಿದ್ದ, ಕಣ್ಣು ಮುಚ್ಚಿ, ಮೈ ಕುಲುಕಿಸಿ. ಕಣ್ಣು ತೆರೆದಾಗ ಎದುರಿಗೆ ನೀಲ. ಅವನಿಗೆ ತಿಳಿಯಿತು. ಗಾಬರಿಯಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಬೆರಳ ಸಂದಿಯಿಂದ ನಗು ಸೋರುತ್ತಲೇ ಇತ್ತು.

"ಮುಚ್ಚಬೇಡಿ ಸಿದ್ರಾಮಣ್ಣ" ಎಂದಳು ನೀಲ. "ನಗಿ. ಪೂರ್ತಿ ನಗಿ."

ಅವನು ಕೈ ತೆಗೆದ. ಅವಳು ಜಗಲಿಯ ಕೆಳಗೆ ನಿಂತು ಕೇಳಿದಳು. ಉಸಿರು ಸಿಕ್ಕಿಕೊಂಡು ನಿಲ್ಲುವ ಕಡೆ ನಿಂತು, ಮತ್ತೆ ಕೀಚಲಾಗಿ ಏರುವ ಕಡೆ ಏರಿ, ಅದು ಮುಗಿಯಿತು. ಎಳೆಗೂಸಿನ ನಗು ಎಷ್ಟು ಹೊತ್ತಿದ್ದೀತು? ಕೂಸು ಅವಳ ತೋಳಲ್ಲಿ ಜಾರುತ್ತಾ, ಮುದುಕನ ಬಾಯಿಯನ್ನೇ ನೋಡುತ್ತಿತ್ತು. ಅದಕ್ಕೆ ಯಾವ ಗುರುತೂ ಹತ್ತಲಿಲ್ಲ. ಖಾಲಿ ಕುಡಿಕೆ ಜಗಲಿಯ ಮೇಲೆ ಉರುಳಿತು.

ಸಿದ್ರಾಮ‍ಣ್ಣ ಅಳತೊಡಗಿದ. "ತಪ್ಪಾಯ್ತು ತಾಯಿ. ವಾಪಸು ಕೊಡೋಕೂ ಬರಲ್ಲವಲ್ಲ ಇದು. ಇನ್ನೊಂದು ಸಲ ನಗು ಅಂದ್ರೂ ನನ್ನ ಕೈಲಾಗಲ್ಲವಲ್ಲ" ಎಂದ. ನೀಲ ಜಗಲಿಯ ಅಂಚಿನಲ್ಲಿ ಅವನ ಪಕ್ಕಕ್ಕೆ ಕೂತಳು. ಆಮೇಲೆ ಕೇಳಿದಳು.

"ಒಳಗಿನಿಂದ ಹೇಗಿತ್ತು ಸಿದ್ರಾಮಣ್ಣ? ನನಗೆ ಹೊರಗಿನಿಂದಷ್ಟೇ ಕೇಳಿಸ್ತು."

ಅವನು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಯೋಚಿಸಿದ.

"ಭಯ ಇರಲಿಲ್ಲಮ್ಮ" ಎಂದ. "ನಾನು ಹುಟ್ಟಿದಾಗಿಂದ ನಕ್ಕಿದ್ದೀನಿ. ಮದುವೆಯಲ್ಲಿ ನಕ್ಕಿದ್ದೀನಿ, ಮಕ್ಕಳು ಹುಟ್ಟಿದಾಗ ನಕ್ಕಿದ್ದೀನಿ. ಭಯ ಇಲ್ಲದೆ ನಕ್ಕಿದ್ದು ಇವತ್ತೇ."

ನೀಲ ತಲೆಯಾಡಿಸಿದಳು. ಕೂಸಿನ ಕೆನ್ನೆಯ ಕಪ್ಪು ಬೊಟ್ಟು ಎಣ್ಣೆಗೆ ಕರಗಿ ಗಲ್ಲದವರೆಗೆ ಇಳಿದಿತ್ತು. ಅವಳು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಮತ್ತೆ ಇಡಲು ನಾನು ಕಾಡಿಗೆ ತರಲು ಹೊರಟೆ. ಬೇಡ ಎಂದಳು.